ಬೆಪ್ಪುವಿಗೆ ಹೋಗಿ ಬೆಪ್ಪಾಗದಿರಲು

ಊರಿನ ಹೆಸರು ಕೇಳಿದಾಗಲೇ ಅಪ್ಪ ನಕ್ಕಿದ್ದರು. "ಬೆಪ್ಪು? ಅಲ್ಲಿಗೆ ಹೋದವರನ್ನ ಏನಂತ ಕರೀತಾರೋ?" ಸಾಗರದಿಂದ ಮಗನನ್ನು ನೋಡಲು ಜಪಾನಿನ ಫುಕುವೊಕಾಗೆ ಬಂದಿದ್ದ ಅಪ್ಪ ಅಮ್ಮನನ್ನು ಒಂದು ದಿನದ ಬಸ್ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಜಾಹೀರಾತಿನಲ್ಲಿ ದೊಡ್ಡದಾಗಿ 'ಓನ್ಸೆನ್ ಪ್ರವಾಸ' ಎಂದಿತ್ತು. ಓನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆ. ಅಮ್ಮ ಹಿಂದಿನ ರಾತ್ರಿಯೇ ಟವೆಲು, ಬದಲಿ ಸೀರೆ, ಎಲ್ಲ ಕಟ್ಟಿಕೊಂಡಿದ್ದರು.

ಬೆಪ್ಪುವಿನ ಉಮಿ ಜಿಗೋಕು ಮುಂದೆ ಬಸ್ ನಿಂತಿತು. ಮೈಲುತುತ್ತು ಕದಡಿದಂಥ ನೀಲಿ ನೀರು, 98 ಡಿಗ್ರಿ ಕಾವು, ಮೇಲೆ ದಟ್ಟ ಹಬೆ, ಸುತ್ತ ಬೇಲಿ. ಜಿಗೋಕು ಅಂದರೆ ನರಕ, ಉಮಿ ಅಂದರೆ ಸಮುದ್ರ. ನೋಡಿ, ಫೋಟೊ ತೆಗೆದು, ಪಕ್ಕದ ಕಾಲುತೊಟ್ಟಿಯಲ್ಲಿ ಹತ್ತು ನಿಮಿಷ ಪಾದ ಅದ್ದಿ ಬಸ್ ಹತ್ತಿದ್ದಾಯಿತು. "ಇಷ್ಟೊಂದು ನೀರು ಕಾಸಿಟ್ಟಿದಾರೆ, ಸ್ನಾನಕ್ಕೆ ಮಾತ್ರ ಬಿಡಲ್ವಂತಾ?" ಎಂದು ಅಮ್ಮ ದಾರಿಯುದ್ದಕ್ಕೂ ಕೇಳುತ್ತಿದ್ದರು. ಟವೆಲು ಒಣಗಿದಂತೆಯೇ ಮನೆಗೆ ಬಂತು.

ತಪ್ಪು ಪ್ರವಾಸದವರದಲ್ಲ, ಓದದ ನನ್ನದು. ಓನ್ಸೆನ್ ಇರುವ ಊರಿಗೆ ಕರೆದೊಯ್ಯುವುದು ಬೇರೆ, ಓನ್ಸೆನ್‌ಗೆ ಇಳಿಸುವುದು ಬೇರೆ. ಕಾರ್ಯಕ್ರಮದ ಹಾಳೆಗೆ ಇಲ್ಲಿ ಕೋತೇಹ್ಯೋ ಎನ್ನುತ್ತಾರೆ. ಅದರಲ್ಲಿ ನೀವು ಹುಡುಕಬೇಕಾದ ಒಂದೇ ಪದ 'ನ್ಯೂಯೋಕು', ಅಂದರೆ ನೀರಿಗಿಳಿದು ಸ್ನಾನ. ಆ ಪದ ಇದ್ದು, ಅದರ ಪಕ್ಕ ಎಷ್ಟು ನಿಮಿಷ ಎಂದು ಇದ್ದರೆ ಸ್ನಾನ ಉಂಟು. 'ಅಶಿಯು' ಎಂದಷ್ಟೇ ಇದ್ದರೆ ಪಾದಕ್ಕೆ ಮಾತ್ರ. 'ಜಿಗೋಕು ಮೆಗುರಿ' ಎಂದಿದ್ದರೆ ನರಕ ದರ್ಶನ, ಅದು ನೋಡುವುದಕ್ಕೆ. ಬೆಪ್ಪುವಿನ ಈ ನರಕಗಳು ಏಳು. ಐದು ಕನ್ನಾವಾ ಎಂಬ ಬಡಾವಣೆಯಲ್ಲಿ ಒತ್ತಾಗಿವೆ, ಕೆಂಪು ಕೆಸರಿನ ಚಿನೊಇಕೆಯೂ ಆಗಾಗ ಚಿಮ್ಮುವ ತತ್ಸುಮಾಕಿಯೂ ಸ್ವಲ್ಪ ದೂರ. ಒಂದು ದಿನದ ಬಸ್ಸಿನವರು ಏಳನ್ನೂ ತೋರಿಸುವುದು ಅಪರೂಪ, ಒಂದೆರಡರಲ್ಲಿ ಮುಗಿಸುತ್ತಾರೆ. ಎಷ್ಟು ಎಂದು ಮೊದಲೇ ನೋಡಿಕೊಳ್ಳಿ.

ಬಸ್ಸಿನಲ್ಲಿ ಕೂರಿಸಿ, ವಿವರಣೆ ಹೇಳುತ್ತ ನರಕ ತೋರಿಸುವ ಈ ಪದ್ಧತಿಗೂ ಬೆಪ್ಪುವಿಗೂ ಹಳೆಯ ನಂಟು. ಅಬುರಾಯಾ ಕುಮಾಹಾಚಿ ಎಂಬ ಹೋಟೆಲ್ ಮಾಲೀಕ 1928ರಲ್ಲಿ ಇಲ್ಲಿ ಮಹಿಳಾ ಗೈಡ್ ಇರುವ ಪ್ರವಾಸಿ ಬಸ್ ಓಡಿಸಿದ, ಜಪಾನಿನಲ್ಲಿ ಅದೇ ಮೊದಲು. ಆ ಹುಡುಗಿಯರು ಏಳು-ಐದು ಮಾತ್ರೆಯ ಲಯದಲ್ಲಿ, ಹೆಚ್ಚುಕಡಿಮೆ ಪದ್ಯದಂತೆ, ನರಕಗಳನ್ನು ಬಣ್ಣಿಸುತ್ತಿದ್ದರಂತೆ. "ಬೆಟ್ಟವೆಂದರೆ ಫುಜಿ, ಕಡಲೆಂದರೆ ಸೆತೊ, ಬಿಸಿನೀರೆಂದರೆ ಬೆಪ್ಪು" ಎಂಬ ಘೋಷಣೆಯನ್ನು ಊರೂರಿಗೆ ಹಬ್ಬಿಸಿದವನೂ ಇವನೇ. ಬೆಪ್ಪು ರೈಲು ನಿಲ್ದಾಣದ ಎದುರು ಎರಡೂ ಕೈ ಮೇಲೆತ್ತಿ ಕುಣಿಯುವಂತೆ ನಿಂತ ಪ್ರತಿಮೆ ಅವನದು. ಅವನ ಮೇಲಂಗಿಯ ಅಂಚಿಗೆ ಒಂದು ಪುಟ್ಟ ದೆವ್ವ ಜೋತುಬಿದ್ದಿರುತ್ತದೆ, ನೋಡುವುದನ್ನು ಮರೆಯಬೇಡಿ.

ಇನ್ನು ಬುಕಿಂಗ್. ಹೋಗಿ ಅದೇ ದಿನ ಬರುವ ಪ್ರವಾಸಕ್ಕೆ 'ಹಿಗಾಯೆರಿ' ಎನ್ನುತ್ತಾರೆ. ಇದನ್ನು ಮಾರುವ ಸಂಸ್ಥೆ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು, ನೋಂದಣಿ ಸಂಖ್ಯೆ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ರದ್ದು ಮಾಡಿದರೆ ಎಷ್ಟು ಹಣ ಹೋಗುತ್ತದೆ ಎಂಬುದಕ್ಕೂ ಸರ್ಕಾರದ ಮಾದರಿ ಕರಾರು ಇದೆ. ಹಿಗಾಯೆರಿಯಾದರೆ ಹೊರಡುವ ಹಿಂದಿನ ದಿನದಿಂದ ಹಿಮ್ಮುಖವಾಗಿ ಎಣಿಸಿ: ಹತ್ತನೇ ದಿನದಿಂದ ಶೇ. 20ರವರೆಗೆ, ಏಳನೇ ದಿನದಿಂದ ಶೇ. 30, ಹಿಂದಿನ ದಿನ ಶೇ. 40, ಅದೇ ದಿನ ಹೊರಡುವ ಮೊದಲು ಶೇ. 50. ಹೇಳದೆ ತಪ್ಪಿಸಿಕೊಂಡರೆ ಪೂರ್ತಿ ಹಣ ಹೋಯಿತು. ಹೊರದೇಶದ ಆ್ಯಪ್‌ಗಳಲ್ಲಿ ಬುಕ್ ಮಾಡಿದರೆ ಅವರವರ ನಿಯಮ ಬೇರೆ ಇರುತ್ತದೆ. ಜ್ವರ ಬಂದಿದೆ, ಅಜ್ಜಿಗೆ ಹುಷಾರಿಲ್ಲ ಎಂದರೆ ಕೌಂಟರಿನವರು ನಿಜವಾಗಿ ಮರುಗುತ್ತಾರೆ, ಹಣ ಮಾತ್ರ ಮುರಿದುಕೊಂಡೇ ಕೊಡುತ್ತಾರೆ. ನಮ್ಮಲ್ಲಿಯ ಹಾಗೆ "ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್" ಎನ್ನುವುದರಿಂದ ಇಲ್ಲಿ ಏನೂ ಆಗುವುದಿಲ್ಲ. ಹೇಳಿದವರಿಗೂ ಕೇಳಿದವರಿಗೂ ಮುಜುಗರ, ಅಷ್ಟೆ.

ಎದುರು ದಿಕ್ಕಿನ ನಿಯಮವೂ ಉಂಟು. ಕಾಗದದಲ್ಲಿ 'ಕನಿಷ್ಠ ಇಷ್ಟು ಜನ' ಎಂಬ ಸಾಲಿರುತ್ತದೆ. ಅಷ್ಟು ಜನ ಸೇರದಿದ್ದರೆ ಅವರೇ ರದ್ದು ಮಾಡಬಹುದು, ಆದರೆ ಹಿಗಾಯೆರಿಗೆ ಮೂರು ದಿನ ಮೊದಲೇ ತಿಳಿಸಬೇಕು, ಹಣವೆಲ್ಲ ವಾಪಸ್. ಊರಿಂದ ಬಂದವರ ವೀಸಾ ಮುಗಿಯುವ ಕಡೆಯ ವಾರಕ್ಕೆ ಇಂಥದ್ದನ್ನು ಇಟ್ಟುಕೊಳ್ಳಬೇಡಿ ಎನ್ನುವುದು ಇದಕ್ಕೇ.

ಗೈಡ್ ಯಾವ ಭಾಷೆಯವರು ಎಂದು ಕೇಳಿ ತಿಳಿದುಕೊಳ್ಳಿ. 2018ರವರೆಗೆ ದುಡ್ಡು ಪಡೆದು ವಿದೇಶಿಯರಿಗೆ ಅವರ ಭಾಷೆಯಲ್ಲಿ ವಿವರಿಸಲು ಪರವಾನಗಿ ಬೇಕಿತ್ತು. ಈಗ ಯಾರು ಬೇಕಾದರೂ ಮಾಡಬಹುದು, ಪರೀಕ್ಷೆ ಪಾಸಾದವರಿಗೆ ಆ ಪದನಾಮ ಮಾತ್ರ ಮೀಸಲು. ಹಾಗಾಗಿ ಒಬ್ಬರು ದಾರಿಯ ಪ್ರತಿ ಬೆಟ್ಟದ ಕಥೆ ಹೇಳಿದರೆ ಇನ್ನೊಬ್ಬರು ವಾಪಸ್ ಬರುವ ಗಂಟೆ ಹೇಳಿ ಮೈಕ್ ಇಡುತ್ತಾರೆ.

ಆ ಗಂಟೆಯ ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. 'ಶೂಗೋ' ಅಂದರೆ ಸೇರುವ ಹೊತ್ತು. ಶೂಗೋ 8:20 ಎಂದರೆ 8:15ಕ್ಕೆ ಫುಕುವೊಕಾದ ಹಕಾತಾ ರೈಲು ನಿಲ್ದಾಣದ ಹೊರಗೆ ಬಾವುಟದ ಕೆಳಗೆ ನಿಂತಿರಬೇಕು. ಹಕಾತಾ ನಿಲ್ದಾಣಕ್ಕೆ ಎರಡು ಮುಖ, ಹಕಾತಾ ಬಾಗಿಲು ಮತ್ತು ಚಿಕುಶಿ ಬಾಗಿಲು. ತಪ್ಪಾದ ಕಡೆ ನಿಂತು, ಇನ್ನೊಂದು ಕಡೆಗೆ ಹಿರಿಯರನ್ನು ಓಡಿಸುವುದು ಪಾಪ. ಮಧ್ಯದ ನಿಲುಗಡೆಗಳಲ್ಲೂ ಇದೇ ಶಿಸ್ತು. ನಲವತ್ತು ಜನ ಕೂತು ನಿಮ್ಮೊಬ್ಬರಿಗೆ ಕಾಯುತ್ತಾರೆ, ಯಾರೂ ಒಂದು ಮಾತೂ ಆಡುವುದಿಲ್ಲ. ಆ ಮೌನಕ್ಕಿಂತ ಬೈಗುಳವೇ ವಾಸಿ. ಬಸ್ಸಿನಲ್ಲಿ ಪ್ರತಿ ಸೀಟಿಗೂ ಬೆಲ್ಟ್ ಕಡ್ಡಾಯ. ಗೈಡ್‌ಗೆ, ಡ್ರೈವರ್‌ಗೆ ಟಿಪ್ಸ್ ಕೊಡುವ ಪದ್ಧತಿಯಿಲ್ಲ.

ದಾರಿ ಚೆಂದ. ಬೆಪ್ಪುವಿಗೆ ಮೊದಲು ಸಿಗುವ ಊರು ಯುಫುಇನ್, ಫುಕುವೊಕಾದಿಂದ ಅಲ್ಲಿಗೆ ಎರಡು ಗಂಟೆಯ ಹಾದಿ. ಸೆಪ್ಟೆಂಬರ್ ಕೊನೆಗೆ ಹೋದರೆ ಗದ್ದೆ ಹಳದಿಗೆ ತಿರುಗಿರುತ್ತದೆ, ಬದುಗಳ ಮೇಲೆ ಹಿಗಾನ್‌ಬಾನಾ ಎಂಬ ಕೆಂಪು ಹೂ ಸಾಲುಗಟ್ಟಿರುತ್ತದೆ. ಊರ ಹಿಂದೆ 1583 ಮೀಟರ್ ಎತ್ತರದ ಯುಫು ಬೆಟ್ಟ, ನೆತ್ತಿ ಎರಡಾಗಿ ಸೀಳಿದಂತೆ. ಕಿನ್ರಿನ್ ಕೆರೆಗೆ ಬುಗ್ಗೆಯ ನೀರೂ ಸೇರುವುದರಿಂದ ಚಳಿಯ ಮುಂಜಾನೆ ಅದರ ಮೇಲೆ ಮಂಜು ಏಳುತ್ತದೆ. ಆದರೆ ಫುಕುವೊಕಾದ ಬಸ್ ಅಲ್ಲಿ ತಲುಪುವಷ್ಟರಲ್ಲಿ ಮಂಜು ಕರಗಿರುತ್ತದೆ, ಫೋಟೊದಲ್ಲಿ ಕಂಡದ್ದನ್ನು ನಿರೀಕ್ಷಿಸಬೇಡಿ. ಮುಖ್ಯ ಬೀದಿಯ ಅಂಗಡಿಗಳಲ್ಲಿ ಹೊತ್ತು ಕಳೆಯುವ ಬದಲು ಒಂದು ಅಡ್ಡರಸ್ತೆ ಹಿಡಿದು ಗದ್ದೆಯ ಕಡೆ ನಡೆದರೆ ಹಳ್ಳಿ ಸಿಗುತ್ತದೆ.

ಇದೇ ಬಟ್ಟಲಿನಂಥ ಬಯಲನ್ನು ಮುಳುಗಿಸಿ ಅಣೆಕಟ್ಟು ಕಟ್ಟುವ ಯೋಜನೆ 1952ರಲ್ಲಿ ಬಂದಿತ್ತು. ಊರಿನ ಯುವಕರು ಎದ್ದುನಿಂತರು, ಯೋಜನೆ ಬಿದ್ದುಹೋಯಿತು. ಇದನ್ನು ನಾನು ಅಪ್ಪನಿಗೆ ಹೇಳಿದೆ. ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ನೆಂಟರ ಮನೆಗಳು ನೀರಿನಡಿ ಹೋದದ್ದನ್ನು ಕಂಡವರು ಅವರು. ಕಿಟಕಿಯಿಂದ ಕಣ್ಣು ತೆಗೆಯದೆ "ಇವರಿಗೆ ತಪ್ತು" ಎಂದರು. ಆಮೇಲೆ ಬೆಪ್ಪುವರೆಗೂ ಮಾತಿಲ್ಲ.

ಊಟದ ವಿಷಯ ಚುಟುಕಾಗಿ ಹೇಳುತ್ತೇನೆ. ಟಿಕೆಟ್ಟಿನಲ್ಲಿ ಮಧ್ಯಾಹ್ನದ ಊಟ ಸೇರಿದ್ದರೆ ಸಸ್ಯಾಹಾರಿಗಳಿಗೆ ಅದು ನಷ್ಟವೇ. ತರಕಾರಿ ಸಾರಿನಂತೆ ಕಂಡದ್ದರಲ್ಲೂ ದಾಶಿ ಇರುತ್ತದೆ, ಅಂದರೆ ಒಣಗಿಸಿದ ಮೀನಿನ ತಿಳಿ. "ನಿಕು ಮೊ ಸಾಕಾನಾ ಮೊ ತಾಬೆಮಾಸೆನ್" ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂದು. ಇದನ್ನು ಬುಕ್ ಮಾಡುವಾಗಲೇ ಹೇಳಬೇಕು, ಬಡಿಸುವಾಗ ಹೇಳಿದರೆ ಅಡುಗೆಯವರು ಕಂಗಾಲು. ಊಟವಿಲ್ಲದ ಟಿಕೆಟ್ ತಗೊಂಡು ಪುಳಿಯೋಗರೆ ಕಟ್ಟಿಕೊಂಡು ಹೋಗುವುದು ಜಾಣತನ. ಬಸ್ಸಿನೊಳಗೆ ಮಾತ್ರ ಉಪ್ಪಿನಕಾಯಿ ಡಬ್ಬಿ ತೆರೆಯಬೇಡಿ. 'ಮಿಚಿ ನೊ ಎಕಿ' ಎಂಬ ರಸ್ತೆಬದಿ ತಂಗುದಾಣಗಳಲ್ಲಿ ಬೆಂಚು ಇರುತ್ತದೆ. ಅಲ್ಲಿ ರೈತರು ತಮ್ಮ ಹೆಸರು ಬರೆದು ಇಟ್ಟ ತರಕಾರಿಯೂ ಸಿಗುತ್ತದೆ. ಬೆಪ್ಪು ಇರುವ ಓಯಿತಾ ಪ್ರಾಂತ್ಯದ ಒಣ ಶಿತಾಕೆ ಅಣಬೆ ದೇಶಕ್ಕೇ ಹೆಸರುವಾಸಿ, ಒಂದು ಪೊಟ್ಟಣ ತನ್ನಿ. ಕನ್ನಾವಾದಲ್ಲಿ ನೆಲದಿಂದ ಬರುವ ಹಬೆಯಲ್ಲೇ ಗೆಣಸು, ಮೆಕ್ಕೆಜೋಳ ಬೇಯಿಸಿಕೊಡುತ್ತಾರೆ. ಕಡುಬಿನ ಅಟ್ಟವನ್ನು ಭೂಮಿಯ ಮೇಲೇ ಕೂರಿಸಿದ ಹಾಗೆ. ಉಪ್ಪು ಕೂಡ ಬೇಕಾಗುವುದಿಲ್ಲ.

ಈಗ ನೀರು. ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆ ಎಂದರೆ ಪುತ್ತೂರಿನ ಹತ್ತಿರದ ಬೆಂದ್ರುತೀರ್ಥ ಒಂದೇ ನೆನಪಾಗುವುದು. ಬೆಪ್ಪುವೊಂದರಲ್ಲೇ 2000ಕ್ಕೂ ಹೆಚ್ಚು ಊಟೆಗಳಿವೆ. 1948ರ ಕಾನೂನಿನ ಪ್ರಕಾರ ನೆಲದಿಂದ ಬರುವಾಗ ನೀರು ಕನಿಷ್ಠ 25 ಡಿಗ್ರಿ ಇರಬೇಕು, ಇಲ್ಲವೇ ಪಟ್ಟಿಮಾಡಿದ ಖನಿಜಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು, ಆಗಲೇ ಅದು ಓನ್ಸೆನ್. ಆ ವಿವರದ ಫಲಕವನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ತೂಗುಹಾಕಿರುತ್ತಾರೆ. ಬಿಲ್ಲಿನಲ್ಲಿ ಸ್ನಾನದ ತೆರಿಗೆ ಅಂತ ಒಂದಿಷ್ಟು ಯೆನ್ ಕಂಡರೆ ಮೋಸ ಹೋದಿರಿ ಅಂದುಕೊಳ್ಳಬೇಡಿ, ಅದು ಊರಾಡಳಿತಕ್ಕೆ ಹೋಗುತ್ತದೆ.

ಬಾಗಿಲಿಗೆ ನೋರೆನ್ ಎಂಬ ಬಟ್ಟೆ ಪರದೆ. ನೀಲಿ ಸಾಮಾನ್ಯವಾಗಿ ಗಂಡಸರಿಗೆ, ಕೆಂಪು ಹೆಂಗಸರಿಗೆ. ಬಣ್ಣವಿಲ್ಲದಿದ್ದರೆ ಅಕ್ಷರ ನೋಡಿ: ಗಂಡಸರ ಅಕ್ಷರದ ನೆತ್ತಿಯಲ್ಲಿ ಗದ್ದೆಯ ಮಡಿಯಂತೆ ನಾಲ್ಕು ಚೌಕ ಇರುತ್ತವೆ. ಕೆಲವೆಡೆ ಎರಡೂ ಕೋಣೆಗಳನ್ನು ದಿನ ಬಿಟ್ಟು ದಿನ ಅದಲುಬದಲು ಮಾಡುತ್ತಾರೆ, ಹೋದ ಸಲ ಎಡಗಡೆ ಇತ್ತು ಎಂದು ನುಗ್ಗಬೇಡಿ. ಒಳಗೆ ಮೈಮೇಲೆ ಒಂದು ಎಳೆ ಬಟ್ಟೆಯೂ ಇರುವಂತಿಲ್ಲ. ನಮ್ಮವರು ಹಿಂಜರಿಯುವುದು ಇಲ್ಲೇ. ಯಾರೂ ನೋಡುವುದಿಲ್ಲ ಎಂದು ಎಷ್ಟು ಹೇಳಿದರೂ ಮೊದಲ ಸಲ ನಂಬಿಕೆ ಬರುವುದಿಲ್ಲ, ಐದು ನಿಮಿಷದಲ್ಲಿ ತಾನೇ ಬರುತ್ತದೆ.

ಮುಖ್ಯವಾದದ್ದು: ತೊಟ್ಟಿ ಮೈ ತೊಳೆಯುವುದಕ್ಕಲ್ಲ. ಗೋಡೆಬದಿಯ ನಲ್ಲಿಗಳ ಮುಂದೆ ಸಣ್ಣ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ಪೂರ್ತಿ ತೊಳೆದುಕೊಂಡು, ಆಮೇಲೆ ಇಳಿಯಬೇಕು. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಹಂಡೆಯ ನೀರು ಹುಯ್ದುಕೊಂಡು ಬೆಳೆದವರಿಗೆ ಇದು ಹೊಸದೇನಲ್ಲ, ಶವರ್ ಕೆಳಗೆ ನಿಂತೇ ಅಭ್ಯಾಸವಾದವರಿಗಿಂತ ನಮ್ಮ ಅಪ್ಪಂದಿರು ಬೇಗ ಒಗ್ಗುತ್ತಾರೆ. ತಲೆಗೆ ಎಣ್ಣೆ ಹಚ್ಚಿದ್ದರೆ ಮೊದಲು ಶಾಂಪೂ. ಉದ್ದ ಕೂದಲು ಕಟ್ಟಿಕೊಳ್ಳಿ, ಸಣ್ಣ ಟವೆಲನ್ನು ನೀರಿಗೆ ಅದ್ದದೆ ತಲೆಯ ಮೇಲಿಡಿ. ಬೆಳ್ಳಿ ಕಾಲುಂಗುರ, ಗೆಜ್ಜೆ ಬಿಚ್ಚಿಡಿ, ಗಂಧಕದ ನೀರು ತಾಗಿದರೆ ಕಪ್ಪಾಗುತ್ತವೆ. ಫೋನ್ ಒಳಗೆ ಒಯ್ಯುವುದೇ ಬೇಡ. ನೀರು 42 ಡಿಗ್ರಿ ಆಸುಪಾಸು, ಬೆಪ್ಪುವಿನ ಹಳೆಯ ಸ್ನಾನಗೃಹಗಳಲ್ಲಿ ಇನ್ನೂ ಜಾಸ್ತಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೋಗಬೇಕು, ಹೋದರೂ ಕಾಲಿನಿಂದ ಮೇಲಕ್ಕೆ ನೀರು ಹುಯ್ದುಕೊಂಡು ನಿಧಾನಕ್ಕೆ ಇಳಿದು ಐದು ನಿಮಿಷಕ್ಕೆ ಎದ್ದುಬಿಡಲಿ.

ಎರಡನೇ ಸಲ ನಾನು ಹಾಳೆ ಓದಿಯೇ ಬುಕ್ ಮಾಡಿದೆ. ಯುಫುಇನ್‌ನಲ್ಲಿ ಮೂರು ಗಂಟೆ ಬಿಡುವಿದ್ದ ಪ್ರವಾಸ. ಆದರೆ ಮತ್ತೊಂದು ತೊಡಕು ಹೊಳೆದದ್ದು ಹಿಂದಿನ ರಾತ್ರಿ: ಅಮ್ಮನ ಮುಂಗೈ ಮೇಲೆ ಕೊರವಂಜಿ ಹಾಕಿದ ಹಚ್ಚೆ. ಹಚ್ಚೆ ಎಂದರೆ ಇಲ್ಲಿ ಯಾಕುಜಾ ಗ್ಯಾಂಗಿನವರ ನೆನಪು, ಬಹಳಷ್ಟು ಸ್ನಾನಗೃಹಗಳು ಒಳಗೆ ಬಿಡುವುದಿಲ್ಲ. ಅರವತ್ತೆಂಟರ ಅಮ್ಮನನ್ನು ರೌಡಿ ಪಟ್ಟಿಗೆ ಸೇರಿಸಿದರಲ್ಲ ಎಂದು ಅಪ್ಪನಿಗೆ ಖುಷಿಯೋ ಖುಷಿ. ಚಿಕ್ಕ ಹಚ್ಚೆಯಾದರೆ ಮೈಬಣ್ಣದ ಸ್ಟಿಕರ್ ಅಂಟಿಸಿಕೊಂಡು ಬರಲು ಕೆಲವರು ಒಪ್ಪುತ್ತಾರೆ, ಆದರೆ ಆ ಬಣ್ಣ ನಮ್ಮ ಮೈಗೆ ಹೊಂದುವುದಿಲ್ಲ. ಅದಕ್ಕಿಂತ 'ಕಾಜೋಕುಬುರೊ' ಮೇಲು. ಕುಟುಂಬಕ್ಕೆ ಮಾತ್ರ ಎಂದು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕೋಣೆ, 'ಕಶಿಕಿರಿ' ಎಂದೂ ಕರೆಯುತ್ತಾರೆ. ಚಿಲಕ ಹಾಕಿಕೊಂಡರೆ ಹಚ್ಚೆಯೂ ಇಲ್ಲ, ಸಂಕೋಚವೂ ಇಲ್ಲ. ನಾಚಿಕೆಯವರಿಗೆ, ಪುಟ್ಟ ಮಕ್ಕಳಿರುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಹೀಗೆ ಬಾಡಿಗೆಗೆ ಹಿಡಿದ ಕೋಣೆಯ ಗಂಟೆ ಮುಗಿಯಲು ಹತ್ತು ನಿಮಿಷ ಇರುವಾಗ ಅಪ್ಪ ಬಟ್ಟೆ ಹಾಕಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತರು. ನಾನು ಬಾಗಿಲು ತಟ್ಟಿದೆ. "ಅಮ್ಮಾ, ಹೊತ್ತಾಯ್ತು."

"ಬಸ್ ಎಷ್ಟೊತ್ತಿಗೆ?"

"ಅದಕ್ಕಿನ್ನೂ ಮುಕ್ಕಾಲು ಗಂಟೆ ಇದೆ. ಕೋಣೆಗೆ ಹತ್ತೇ ನಿಮಿಷ."

"ಹಂಗಾದ್ರೆ ಒಂಬತ್ತು ನಿಮಿಷ ಬಿಟ್ಟು ತಟ್ಟು" ಎಂದರು ಒಳಗಿನಿಂದ.