ನಾಟಿ ಕೋಳಿಯಲ್ಲಿ ಬೇಕಾದ ಗರಿಯ ಬಣ್ಣ ಪಡೆಯುವ ಬಗೆ

ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಲ್ಲಿ ಕೋಳಿಗಳೆಲ್ಲ ಒಟ್ಟಿಗೆ ಮೇಯುವುದರಿಂದ, ನಾವು ಮೆಚ್ಚಿದ ಬಣ್ಣ ಎರಡು ಮೂರು ತಲೆಮಾರಿನಲ್ಲೇ ಬೆರೆತುಹೋಗುತ್ತದೆ. ಆದ್ದರಿಂದ ಆರಿಸಿದ ಒಂದು ಹುಂಜ ಹಾಗೂ ನಾಲ್ಕೈದು ಹೇಂಟೆಗಳನ್ನು ಬೇರೆ ಗೂಡಿನಲ್ಲಿಟ್ಟು, ಮೂರು ವಾರ ಕಳೆದ ಮೇಲಷ್ಟೇ ಕಾವಿಗೆ ಮೊಟ್ಟೆ ಆರಿಸಬೇಕು. ಹಿಂದಿನ ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಉಳಿಯಬಲ್ಲದು.

ಮೊದಲ ಪ್ರಯತ್ನಕ್ಕೆ ಅಪ್ಪಟ ಕರಿ ಹುಂಜ ಮತ್ತು ಕಪ್ಪು ಬಿಳುಪಿನ ಅಡ್ಡಪಟ್ಟೆಯ ಹೇಂಟೆಯ ಜೋಡಿಯೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಪಟ್ಟೆಯ ಗುಣ ಲಿಂಗ ವರ್ಣತಂತುವಿನಲ್ಲಿದ್ದು, ತಾಯಿ ಅದನ್ನು ಗಂಡು ಮರಿಗಳಿಗೆ ಮಾತ್ರ ಕೊಡುತ್ತದೆ. 21ನೆಯ ದಿನ ಒಡೆದು ಬಂದ ಕರಿ ಮರಿಯನ್ನು ಮೈ ಒಣಗಿದ ಮೇಲೆ ಅಂಗೈಯಲ್ಲಿಟ್ಟು ನೋಡಿದರೆ, ನೆತ್ತಿಯ ಹಿಂದೆ ಮಸುಕು ಬಿಳಿ ಚುಕ್ಕೆಯಿರುವುದು ಗಂಡು, ಚುಕ್ಕೆಯಿಲ್ಲದ್ದು ಹೆಣ್ಣು. ಎಷ್ಟು ಸಲ ನೋಡಿದರೂ ಈ ಕ್ಷಣ ನನಗೆ ಹೊಸದೇ. ಹುಂಜಕ್ಕೆ ಪಟ್ಟೆಯಿದ್ದು ಹೇಂಟೆ ಕಪ್ಪಾಗಿದ್ದರೆ ಈ ಗುರುತು ನಂಬಲರ್ಹವಲ್ಲ.

ನೀಲಿ ಛಾಯೆಯ ಬೂದು ಬಣ್ಣಕ್ಕೆ ತಾಳ್ಮೆ ಬೇಕು. ಅಂಥ ಎರಡು ಕೋಳಿಗಳನ್ನು ಕೂಡಿಸಿದರೆ ಸರಾಸರಿ ಅರ್ಧದಷ್ಟು ಮರಿಗಳು ಮಾತ್ರ ಬೂದಾಗಿ, ಕಾಲು ಭಾಗ ಕಪ್ಪಾಗಿ, ಉಳಿದ ಕಾಲು ಭಾಗ ಮಸಿ ಎರಚಿದಂಥ ಬಿಳಿಯಾಗಿ ಹುಟ್ಟುತ್ತವೆ. ಈ ಎರಚು ಬಣ್ಣದವನ್ನು ಮಾರಿಬಿಡಬಾರದು, ಅವನ್ನು ಕಪ್ಪಿನೊಡನೆ ಕೂಡಿಸಿದರೆ ಎಲ್ಲ ಮರಿಗಳೂ ಬೂದಾಗುತ್ತವೆ.

ಪ್ರತಿ ಮರಿಯ ಕಾಲಿಗೆ ಬಣ್ಣದ ಉಂಗುರ ಹಾಕಿ, ತಂದೆತಾಯಿಯ ವಿವರವನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಡಹುಟ್ಟಿದವುಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಮೊಟ್ಟೆ ಒಡೆಯುವ ಪ್ರಮಾಣವೂ ಮರಿಗಳ ಕಸುವೂ ಕುಗ್ಗುವುದರಿಂದ, ನಡುನಡುವೆ ಅದೇ ಬಣ್ಣದ ಹುಂಜವನ್ನು ಬೇರೆ ಊರಿನಿಂದ ತರಬೇಕು.