ಹಳೆಯ ರೈಲು ದಾರಿಯಲ್ಲಿ ಸೈಕಲ್ ಸವಾರಿ: ಸಿದ್ಧತೆ ಸೀಟಿನಿಂದಲೇ ಆರಂಭವಾಗಲಿ

ಮಕ್ಕಳನ್ನು ನೋಡಲು ಐರ್ಲೆಂಡಿಗೆ ಹೋಗುವ ಹುಬ್ಬಳ್ಳಿ-ಧಾರವಾಡದ ಹಿರಿಯರಿಗೆ ಅಲ್ಲಿ ಸಿಗುವ ಒಳ್ಳೆಯ ಅವಕಾಶಗಳಲ್ಲಿ ವಾಟರ್‌ಫರ್ಡ್ ಗ್ರೀನ್‌ವೇ ಒಂದು. ವಾಟರ್‌ಫರ್ಡ್ ನಗರದಿಂದ ಕಡಲ ದಂಡೆಯ ಡಂಗಾರ್ವನ್‌ವರೆಗೆ 1878ರಲ್ಲಿ ಆರಂಭವಾಗಿದ್ದ ರೈಲು ಮಾರ್ಗ ನಿಂತುಹೋದ ಮೇಲೆ, ಅದರ ಸೇತುವೆ, ಸುರಂಗಗಳನ್ನು ಉಳಿಸಿಕೊಂಡು 46 ಕಿಲೊಮೀಟರ್ ಉದ್ದದ ಈ ಹಾದಿಯನ್ನು 2017ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಮೋಟಾರು ವಾಹನಗಳ ಕಾಟವಿಲ್ಲ, ಕಡಿದಾದ ಏರಿಲ್ಲ ಎಂದು ಯಾವ ಸಿದ್ಧತೆಯೂ ಇಲ್ಲದೆ ಇಂಥ ಹಾದಿಗಿಳಿದವರು ಅರ್ಧ ದಾರಿಯಲ್ಲಿ ಮೊಣಕಾಲು ಹಿಡಿದುಕೊಂಡು ಕೂರುವುದನ್ನು ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ಸಮತಟ್ಟಾದ ದಾರಿ ಕಾಲನ್ನು ಏಕೆ ದಣಿಸುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಆದ್ದರಿಂದ ರೈಲು ಮಾರ್ಗ ಕಟ್ಟುವವರು ದಿನ್ನೆ ಕಡಿದು, ತಗ್ಗು ತುಂಬಿ, ಸಾಮಾನ್ಯವಾಗಿ 100 ಮೀಟರಿಗೆ ಒಂದೆರಡು ಮೀಟರಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾರೆ. ನಮ್ಮ ಕ್ಯಾಸಲ್‌ರಾಕ್‌ನಿಂದ ಕುಳೆಮ್‌ಗೆ ಇಳಿಯುವ ಘಟ್ಟದಲ್ಲಿ 37 ಮೀಟರಿಗೆ 1 ಮೀಟರಿನ ಏರಿರುವುದರಿಂದಲೇ ಅಲ್ಲಿ ಗಾಡಿಗೆ ಹೆಚ್ಚುವರಿ ಎಂಜಿನ್ ಹಚ್ಚಬೇಕಾಗುತ್ತದೆ. ಸೌಮ್ಯವಾದ ಏರಿನಲ್ಲಿ ಏದುಸಿರು ಬರುವುದಿಲ್ಲ, ನಿಜ. ಆದರೆ ಧಾರವಾಡದ ವಿಶ್ವವಿದ್ಯಾಲಯದ ಗುಡ್ಡ ಹತ್ತಿ ಇಳಿಯುವಾಗ ಕಾಲಿಗೆ ಸಿಗುವ ವಿಶ್ರಾಂತಿ ಇಲ್ಲಿ ಸಿಗುವುದಿಲ್ಲ. ತಾಸುಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ತುಳಿಯುತ್ತಲೇ ಇರಬೇಕು. ನಿಮಿಷಕ್ಕೆ 60 ಸುತ್ತು ಎಂದು ಹಿಡಿದರೂ ತಾಸಿಗೆ 3,600 ಸಲ ಮೊಣಕಾಲು ಮಡಿಚಿ ಬಿಡಿಸುತ್ತದೆ, ಸೀಟಿನ ಎತ್ತರ ತಪ್ಪಿದ್ದರೆ ಅಷ್ಟೂ ಸಲ ತಪ್ಪಾಗಿಯೇ ಮಡಿಚುತ್ತದೆ.

ಹೀಗಾಗಿ ಮೊದಲ ಹೆಜ್ಜೆ ಸೀಟು. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕು ಎಂಬ ರೂಢಿ ನಮ್ಮಲ್ಲಿ ಬೇರೂರಿದೆ. ಅಂಗಡಿಯವರೂ ಕೇಳದೆಯೇ ಸೀಟನ್ನು ಹಾಗೆ ಇಳಿಸಿಕೊಡುತ್ತಾರೆ. ಆ ಎತ್ತರದಲ್ಲಿ ಮೊಣಕಾಲು ಎಂದೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಭಾರವೆಲ್ಲ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಸರಿಯಾದ ಕ್ರಮ ಹೀಗಿದೆ. ಸೈಕಲ್ಲನ್ನು ಗೋಡೆಗೆ ಆನಿಸಿ, ಸವಾರಿಗೆ ಹಾಕಿಕೊಳ್ಳುವ ಬೂಟನ್ನೇ ಹಾಕಿಕೊಂಡು ಸೀಟಿನ ಮೇಲೆ ಕುಳಿತುಕೊಳ್ಳಿ. ಒಂದು ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ; ಆಗ ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆ ವಾಲಬಾರದು. ಬಳಿಕ ಹಿಮ್ಮಡಿಯ ಬದಲು ಪಾದದ ಮುಂಭಾಗವನ್ನು ಇಟ್ಟರೆ ಮೊಣಕಾಲಿನಲ್ಲಿ ಸಣ್ಣ ಬಾಗು ತಾನಾಗಿಯೇ ಉಳಿಯುತ್ತದೆ, ಬೇಕಾದ ಎತ್ತರ ಅದೇ. ಸೀಟಿನ ಕೊಳವೆಯ ಮೇಲೆ ಗರಿಷ್ಠ ಮಿತಿಯ ಗೆರೆ ಕೊರೆದಿರುತ್ತದೆ. ಅದು ಹೊರಗೆ ಕಾಣುವಷ್ಟು ಎಳೆದರೆ ಕೊಳವೆ ಮುರಿಯುವ ಅಪಾಯವಿದೆ, ಅಂಥಲ್ಲಿ ದೊಡ್ಡ ಸೈಕಲ್ ಕೇಳಿ ಪಡೆಯಿರಿ. ಸವಾರಿಯ ನಡುವೆ ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ ಎಂದು ತಿಳಿದು ಅರ್ಧ ಬೆರಳಿನಷ್ಟೇ ಬದಲಿಸಿ ನೋಡಿ.

ಸೀಟು ಎತ್ತರವಾದಾಗ ಇಳಿಯುವ ಭಯ ಸಹಜ. ನಿಲ್ಲುವ ಮುನ್ನ ಒಂದು ಪೆಡಲ್ಲನ್ನು ಕೆಳಗೆ ತಂದು, ಅದರ ಮೇಲೆ ಎದ್ದು ನಿಂತು, ಸೀಟಿನಿಂದ ಮುಂದಕ್ಕೆ ಜಾರಿ, ಇನ್ನೊಂದು ಕಾಲನ್ನು ನೆಲಕ್ಕೆ ಊರುವುದನ್ನು ಮನೆಯ ಮುಂದಿನ ಓಣಿಯಲ್ಲಿ ಕಲಿತರೆ ಸಾಕು. ಸೀಟಿಗೆ ಹೊದಿಸುವ ದಪ್ಪ ಜೆಲ್ ಕವರನ್ನು ದಯವಿಟ್ಟು ಕೊಳ್ಳಬೇಡಿ. ಅಂಗಡಿಯಲ್ಲಿ ಕೈಯಿಂದ ಒತ್ತಿದಾಗ ಹಿತವಾಗಿರುವ ಅದು ತಾಸು ಕಳೆಯುವಷ್ಟರಲ್ಲಿ ಜರುಗಿ ತೊಡೆಯನ್ನು ಉಜ್ಜತೊಡಗುತ್ತದೆ. ಒಳಗೆ ಪ್ಯಾಡ್ ಇರುವ ಚಡ್ಡಿಗೆ ಅದೇ ದುಡ್ಡು ಹಾಕಿ.

ಅಭ್ಯಾಸಕ್ಕೆ ಧಾರವಾಡದ ಏರಿಳಿತಗಳಿಗಿಂತ ಅಣ್ಣಿಗೇರಿ, ನವಲಗುಂದದ ಕಡೆಯ ಎರೆ ಹೊಲಗಳ ನಡುವಿನ ಹಳ್ಳಿ ರಸ್ತೆಗಳೇ ಮೇಲು. ಲಾರಿಗಳು ಓಡುವ ಗದಗ ಹೆದ್ದಾರಿಯನ್ನು ಬಿಟ್ಟುಬಿಡಿ. ಆಷಾಢದಲ್ಲಿ ಅಲ್ಲಿ ಮೂಡಣಕ್ಕೆ ಹೋಗುವಾಗ ಬೆನ್ನಿಗಿದ್ದ ಗಾಳಿ ಮರಳುವಾಗ ಎದೆಗೆ ಬೀಸುತ್ತದೆ, ಆ ಮರಳುವ ದಾರಿಯೇ ನಿಜವಾದ ಪಾಠ. ಏಕೆಂದರೆ ಐರ್ಲೆಂಡಿನಲ್ಲೂ ಹೆಚ್ಚಾಗಿ ನೈಋತ್ಯದ ಗಾಳಿ ಬೀಸುತ್ತದೆ, ವಾಟರ್‌ಫರ್ಡ್‌ನಿಂದ ಡಂಗಾರ್ವನ್‌ಗೆ ಹೋಗುವವರು ಬಹುಮಟ್ಟಿಗೆ ಅದಕ್ಕೆ ಎದುರಾಗಿಯೇ ಸಾಗುತ್ತಾರೆ. ಎದುರುಗಾಳಿಗೆ ಗೇರ್ ಹಗುರ ಮಾಡಿಕೊಳ್ಳಬೇಕು, ತುಳಿಯುವ ಲಯ ಬದಲಾಗಬಾರದು. ನಿಲ್ಲಿಸದೆ ಒಂದೂವರೆ ತಾಸು ತುಳಿಯಲು ಬಂದರೆ ನೀವು ಸಿದ್ಧರಾದಂತೆ.

ಅಲ್ಲಿಗೆ ಹೋದ ಮೇಲೆ ಹೆಲ್ಮೆಟ್, ಬ್ರೇಕ್, ಗಾಲಿಯ ಗಾಳಿ ನೋಡಿಕೊಳ್ಳಿ. ನಮ್ಮಂತೆ ಎಡಕ್ಕೇ ಚಲಿಸಬೇಕು. ನಡೆಯುವವರನ್ನು ದಾಟುವ ಮುನ್ನ ಗಂಟೆ ಬಾರಿಸಬೇಕು.

ಮೊದಲ ಸಲ ಹೋಗುವವರು 46 ಕಿಲೊಮೀಟರಿನ ಹಠ ಹಿಡಿಯದೆ, ಸರಿಸುಮಾರು ಅರ್ಧ ದಾರಿಯಲ್ಲಿರುವ ಕಿಲ್‌ಮ್ಯಾಕ್‌ಥಾಮಸ್‌ನಿಂದ ಡಂಗಾರ್ವನ್ ಕಡೆಗೆ ಹೊರಡುವುದೇ ಸರಿ. ಸುಮಾರು 400 ಮೀಟರಿನ ಸುರಂಗವೂ ಆಮೇಲಿನ ಕಡಲ ನೋಟವೂ ಆ ಅರ್ಧದಲ್ಲೇ ಇವೆ. ಸುರಂಗದ ಬಾಯಿಯಲ್ಲಿ ಪೂರ್ತಿ ನಿಂತು, ತಂಪು ಕನ್ನಡಕ ತೆಗೆದು, ದೀಪ ಹಚ್ಚಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾಯಿರಿ. ಬಿಸಿಲಿನಿಂದ ನೇರ ಒಳಗೆ ನುಗ್ಗಿದವರಿಗೆ ಎದುರು ಬರುವ ಮಗು ಕಾಣುವುದಿಲ್ಲ. ಒಳಗೆ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಗಿದ್ದರೆ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬಾರದು, ಅಳುಕಿದ್ದರೆ ಇಳಿದು ಎಡಬದಿಯಲ್ಲಿ ತಳ್ಳಿಕೊಂಡು ನಡೆಯಬಹುದು.

ಮರಳಿ ಬರಲು ಬಾಡಿಗೆ ಅಂಗಡಿಗಳ ಬಸ್ ವ್ಯವಸ್ಥೆ ಇದೆ. ಸೈಕಲ್ ಪಡೆಯುವಾಗಲೇ ಬಸ್ಸಿನಲ್ಲಿ ಜಾಗ ಕಾಯ್ದಿರಿಸಿ, ಕೊನೆಯ ಬಸ್ಸಿಗಿಂತ ಒಂದು ಬಸ್ ಮುಂಚಿನದನ್ನೇ ಕೇಳಿ.