ಊರು ಬಂದ್ ಆದರೂ ಲಸಿಕೆ ಬಂದ್ ಆಗದಿರಲು

2020ರ ಮಾರ್ಚ್ 25ರಂದು ಕೊರೊನಾದಿಂದ ದೇಶಕ್ಕೆ ಬೀಗ ಬಿದ್ದಾಗ ಮೊದಲು ಸೊರಗಿದ ಕೆಲಸಗಳಲ್ಲಿ ಮಕ್ಕಳ ಚುಚ್ಚುಮದ್ದೂ ಒಂದು. ಆಶಾ ಕಾರ್ಯಕರ್ತೆಯರು ಮನೆ ಸಮೀಕ್ಷೆಗೆ ಹೊರಟರು, ತಾಯಂದಿರು ಆಸ್ಪತ್ರೆಯತ್ತ ಸುಳಿಯಲೂ ಹೆದರಿದರು. ಇದರ ಬೆಲೆ ಆಮೇಲೆ ಗೊತ್ತಾಯಿತು: 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಹಬ್ಬಿ ಮಕ್ಕಳ ಜೀವ ತೆಗೆಯಿತು. ಇನ್ನೊಂದು ಸಾಂಕ್ರಾಮಿಕ ಬಂದರೆ ರಾಯಚೂರು, ಕೊಪ್ಪಳದ ಮನೆಗಳಲ್ಲಿ ಏನು ಮಾಡಬೇಕು?

ಮೊದಲು ತಾಯಿ ಕಾರ್ಡ್ ಹೊರತೆಗೆಯಿರಿ. ಲಸಿಕೆಯ ಪುಟದಲ್ಲಿ ಯಾವ ಚೌಕದಲ್ಲಿ ದಿನಾಂಕವಿದೆ, ಯಾವುದು ಖಾಲಿ ಇದೆ ನೋಡಿ. ಆ ಪುಟದ ಫೋಟೊವನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವವರಿಗೆ ಇದು ಪಡಿತರ ಚೀಟಿಯಷ್ಟೇ ಮುಖ್ಯ. ಸರ್ಕಾರಿ ಲಸಿಕೆ ಎಲ್ಲ ರಾಜ್ಯಗಳಲ್ಲೂ ಉಚಿತ. ಹೋದ ಊರಿನಲ್ಲಿಯೇ ಮುಂದಿನ ಡೋಸ್ ಹಾಕಿಸಬಹುದು.

ಎಲ್ಲ ಲಸಿಕೆಗೂ ಒಂದೇ ಬಗೆಯ ಅವಸರವಿಲ್ಲ. ಹೆಪಟೈಟಿಸ್ ಬಿ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು, ಆದ್ದರಿಂದ ಹೆರಿಗೆ ಆಸ್ಪತ್ರೆಯಲ್ಲಿಯೇ ಕೇಳಿ ಹಾಕಿಸಿ. 6, 10, 14ನೇ ವಾರಗಳ ಪೆಂಟಾವಲೆಂಟ್ (ಐದು ರೋಗ ತಡೆಯುವ ಒಂದೇ ಚುಚ್ಚುಮದ್ದು) ಮತ್ತು ರೋಟಾ (ಭೇದಿ ತಡೆಯುವ ಹನಿ) ಲಸಿಕೆಗಳ ಮೊದಲ ಡೋಸ್ ಒಂದು ವರ್ಷ ತುಂಬುವುದರೊಳಗೆ ಆಗಲೇಬೇಕು. 9 ತಿಂಗಳಿಗೆ ದಡಾರ–ರುಬೆಲ್ಲಾ. ಲಸಿಕೆಯಿಲ್ಲದ ಮಕ್ಕಳ ನಡುವೆ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಸೋಂಕು ಹರಡಬಲ್ಲದು. ಇದನ್ನು ಮುಂದೂಡುವುದು ಶುದ್ಧ ಅವಿವೇಕ. ಭತ್ತದ ಗದ್ದೆಗಳಲ್ಲಿ ಸೊಳ್ಳೆ ಮೊಟ್ಟೆಯಿಡುವ ನಮ್ಮ ತುಂಗಭದ್ರಾ ಬಯಲಿನಲ್ಲಿ ಅದೇ ಹೊತ್ತಿಗೆ ಜಪಾನೀಸ್ ಮಿದುಳು ಜ್ವರದ ಲಸಿಕೆಯನ್ನೂ ಕೇಳಿ ಪಡೆಯಿರಿ.

ದಿನ ತಪ್ಪಿದರೆ? ‘ಮತ್ತೆ ಮೊದಲಿನಿಂದ ಹಾಕಿಸಬೇಕಂತೆ’ ಎಂಬ ಮಾತು ಸುಳ್ಳು. ನಿಂತಲ್ಲಿಂದಲೇ ಮುಂದುವರಿಸಬೇಕು, ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಇದ್ದರೆ ಸಾಕು. ಸಣ್ಣ ನೆಗಡಿ ಲಸಿಕೆಗೆ ಅಡ್ಡಿಯಲ್ಲ. ಮನೆಯಲ್ಲಿ ಸೋಂಕಿತರಿದ್ದರೆ ಮಾತ್ರ ಪ್ರತ್ಯೇಕವಾಸದ ಅವಧಿ ಮುಗಿಯುವವರೆಗೆ ಕಾಯಿರಿ. ವಿಷಯವನ್ನು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ತಿಳಿಸಿ, ಮುಚ್ಚಿಡಬೇಡಿ.

ಇನ್ನು ಹೋಗುವ ದಿನ. ಹಳ್ಳಿಗಳಲ್ಲಿ ಲಸಿಕೆ ದಿನ ಸಾಮಾನ್ಯವಾಗಿ ಗುರುವಾರ, ಆದರೂ ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಮಗುವಿನೊಂದಿಗೆ ಒಬ್ಬರೇ ಹೋಗಿ, ಅಜ್ಜಿ–ಅತ್ತೆಯರ ಮೆರವಣಿಗೆ ಬೇಡ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು, ಕೋಣೆಯೊಳಗೆ ಗುಂಪುಗೂಡುವ ಬದಲು ಅಂಗನವಾಡಿಯ ಹೊರಗೆ ಬೇವಿನ ನೆರಳಿನಲ್ಲಿ ಕೂರಿ. ಆ ನೆರಳನ್ನೂ ಕುಡಿಯುವ ನೀರನ್ನೂ ಒದಗಿಸುವುದು ಗ್ರಾಮ ಪಂಚಾಯಿತಿಗೆ ದೊಡ್ಡ ಖರ್ಚೇನಲ್ಲ.

ನಮ್ಮ ಬಿಸಿಲಿಗೆ ಇನ್ನೊಂದು ಎಚ್ಚರ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಾಟಲಿಯ ಮೇಲೆ ವೃತ್ತದೊಳಗೊಂದು ಪುಟ್ಟ ಚೌಕವಿರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಲಿಗೆ ಕೆಟ್ಟಿಲ್ಲ, ಅಷ್ಟೇ ಗಾಢವಾಗಿದ್ದರೆ ಬಳಸುವಂತಿಲ್ಲ. ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಪುಡಿಗೆ ದ್ರವ ಬೆರೆಸಿ ಕಲಸಿದ ದಡಾರ ಲಸಿಕೆಯನ್ನು ನಾಲ್ಕು ಗಂಟೆಯ ನಂತರ ಎಸೆಯುತ್ತಾರೆ, ಹಾಗಾಗಿ ಊಟ ಮುಗಿಸಿ ಹೋದರಾಯಿತು ಎನ್ನದೆ ಬೆಳಿಗ್ಗೆಯೇ ಹೊರಡಿ.